'ಸ್ವಸ್ಥ ಮನಸ್ಸಿನಿಂದ ಬರೆಸಿಕೊಟ್ಟ': ಒಬ್ಬ ಮೇಷ್ಟ್ರ ಪ್ರಕರಣ

ನಮ್ಮ ಕಡೆ ಯಾವ ಕ್ರಯಪತ್ರ ತೆಗೆದರೂ, ಯಾವ ವಿಲ್ ತೆಗೆದರೂ ಒಂದು ಸಾಲು ಇದ್ದೇ ಇರುತ್ತದೆ. 'ಸ್ವಸ್ಥ ಮನಸ್ಸಿನಿಂದ, ಯಾರ ಒತ್ತಾಯವೂ ಇಲ್ಲದೆ, ಸ್ವಂತ ಇಚ್ಛೆಯಿಂದ ಬರೆಸಿಕೊಟ್ಟ...' ಪತ್ರ ಬರಹಗಾರರಿಗೆ ಅದು ಬಾಯಿಪಾಠ. ವಕೀಲನಾದ ನಾನೂ ಎಷ್ಟೋ ವರ್ಷ ಆ ಸಾಲನ್ನು ಓದದೆಯೇ ಬರೆಸಿದ್ದೇನೆ. ಅದು ನಿಜವಾಗಿ ಏನು ಕೇಳುತ್ತಿದೆ ಎಂದು ನನಗೆ ತಿಳಿದದ್ದು ಈ ಪ್ರಕರಣದಲ್ಲಿ. ಕುಟುಂಬದವರ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಯಾರ ಹೆಸರೂ ಹಾಕಿಲ್ಲ. ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ.

ಮನೆ ಮತ್ತು ಮನುಷ್ಯ

ಅಡಿಕೆ ಬೆಳೆಯುವ ಒಂದು ತಾಲ್ಲೂಕು. ಅಲ್ಲಿ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತರಾದ ಒಬ್ಬ ಮೇಷ್ಟ್ರು. ನನಗೂ ಅವರೇ ಮೇಷ್ಟ್ರು. ಹೆಂಡತಿ ಜೊತೆಗಿದ್ದಾರೆ, ಮಂಡಿನೋವಿನಿಂದ ಜಾಸ್ತಿ ಓಡಾಡುವುದಿಲ್ಲ. ಮಗಳು ಬೆಂಗಳೂರಿನಲ್ಲಿ, ಮಗ ವಿದೇಶದಲ್ಲಿ. ಪಿ.ಎಫ್. ದುಡ್ಡಿನಲ್ಲಿ ಕೊಂಡ ಒಂದೂವರೆ ಎಕರೆ ತೋಟ ಮೇಷ್ಟ್ರ ಒಬ್ಬರ ಹೆಸರಿನಲ್ಲಿದೆ. ಪೆನ್ಷನ್ ಬರುವ ಖಾತೆಯೂ ಅಷ್ಟೇ. ತೋಟ ನೋಡಿಕೊಳ್ಳುತ್ತಿದ್ದವನು ಅವರ ಅಣ್ಣನ ಮಗ.

71ನೇ ವಯಸ್ಸಿನಲ್ಲಿ ಮೊದಲ ಸ್ಟ್ರೋಕ್ ಆಯಿತು. ಬಲಗೈ ಸ್ವಲ್ಪ ಸೋತಿತು, ಬುದ್ಧಿಗೆ ಏನೂ ಆಗಲಿಲ್ಲ. ಆಗ ಮಗಳು ನನ್ನ ಹತ್ತಿರ ಬಂದಳು. ಮುಂದೆ ತೊಂದರೆ ಆಗದಿರಲಿ ಅಂತ ಮೇಷ್ಟ್ರು ಮಗಳ ಹೆಸರಿಗೆ ಒಂದು ಜಿ.ಪಿ.ಎ., ಅಂದರೆ ತಮ್ಮ ಪರವಾಗಿ ವ್ಯವಹಾರ ನಡೆಸಲು ಅಧಿಕಾರ ಕೊಡುವ ಪತ್ರ, ಬರೆದುಕೊಟ್ಟರು. ಬ್ಯಾಂಕು, ತೋಟ, ಕೋರ್ಟು ಎಲ್ಲಾ ವ್ಯವಹಾರ ಅದರಲ್ಲಿತ್ತು. ಬರೆದವನು ನಾನೇ. ಅವರು ಪ್ರತಿ ಪುಟ ಓದಿ, ಒಂದು ಕಡೆ ನನ್ನ ಕಾಗುಣಿತ ತಿದ್ದಿ, ಸಹಿ ಹಾಕಿದರು.

ಎರಡು ವರ್ಷದ ಮೇಲೆ ಎರಡನೇ ಸ್ಟ್ರೋಕ್. ಈ ಸಲ ಪೆಟ್ಟು ಬಿದ್ದದ್ದು ನೆನಪಿಗೆ. ರಕ್ತನಾಳದ ತೊಂದರೆಯಿಂದ ಬರುವ ಡಿಮೆನ್ಷಿಯಾ ಅಂದರು ಡಾಕ್ಟರು. ಈ ಕಾಯಿಲೆಯಲ್ಲಿ ಎಲ್ಲ ದಿನವೂ ಒಂದೇ ಥರ ಇರುವುದಿಲ್ಲ. ಕೆಲವು ಬೆಳಗ್ಗೆ ಮೇಷ್ಟ್ರು ಮೊದಲಿನ ಹಾಗೇ ಪೇಪರ್ ಓದಿ ಬೈಯುತ್ತಿದ್ದರು. ಸಂಜೆ ಅದೇ ಮನುಷ್ಯ ಹೆಂಡತಿಯನ್ನು "ನೀವು ಯಾರ ಮನೆಯವರಮ್ಮ?" ಅಂತ ಕೇಳುತ್ತಿದ್ದರು.

ಎರಡು ಏಟು, ಒಂದೇ ತಿಂಗಳಲ್ಲಿ

ಮಗಳು ಜಿ.ಪಿ.ಎ. ತೋರಿಸಿ ಪೆನ್ಷನ್ ತೆಗೆದು ಔಷಧಿ, ಆಳಿನ ಸಂಬಳ ಎಲ್ಲಾ ನಡೆಸುತ್ತಿದ್ದಳು. ನವೆಂಬರ್ ಬಂತು. ಜೀವಿತ ಪ್ರಮಾಣಪತ್ರಕ್ಕೆ ಬ್ಯಾಂಕಿನವರೇ ಮನೆಗೆ ಬಂದರು. ಮೇಷ್ಟ್ರು ಬಂದವರನ್ನು ಶಾಲಾ ಇನ್‌ಸ್ಪೆಕ್ಟರ್ ಅಂದುಕೊಂಡು, ಹಾಜರಿ ಪುಸ್ತಕ ತರಿಸುತ್ತೇನೆ ಕೂತ್ಕೊಳ್ಳಿ ಅಂದರು. ಮಾರನೇ ದಿನ ಮ್ಯಾನೇಜರ್ ಮಗಳಿಗೆ ಫೋನ್ ಮಾಡಿದರು. "ಇನ್ನು ಮುಂದೆ ಜಿ.ಪಿ.ಎ. ಮೇಲೆ ದುಡ್ಡು ಕೊಡೋಕಾಗಲ್ಲಮ್ಮ. ಗಾರ್ಡಿಯನ್ ಆರ್ಡರ್ ತನ್ನಿ." ಅಂದರೆ, ಅಪ್ಪನ ಪರವಾಗಿ ವ್ಯವಹಾರ ನೋಡಿಕೊಳ್ಳಲು ಒಬ್ಬರನ್ನು ನೇಮಿಸಿದ ಆದೇಶ.

ಮಗಳು ಸಿಟ್ಟಾಗಿ ನನ್ನ ಆಫೀಸಿಗೆ ಬಂದಳು. ಆದರೆ ಮ್ಯಾನೇಜರ್ ಹೇಳಿದ್ದು ಸರಿಯಾಗಿತ್ತು. 1872ರ ಕರಾರು ಕಾಯ್ದೆಯ 201ನೇ ಕಲಂ ಸ್ಪಷ್ಟವಾಗಿದೆ. ಅಧಿಕಾರ ಕೊಟ್ಟವರು ಸತ್ತರೆ ಅಥವಾ ಅವರ ಮನಸ್ಸಿನ ಸ್ವಾಸ್ಥ್ಯ ಹೋದರೆ, ಕೊಟ್ಟ ಅಧಿಕಾರವೂ ಅಲ್ಲಿಗೆ ಮುಗಿಯುತ್ತದೆ. ಕೆಲವು ದೇಶಗಳಲ್ಲಿ ಬುದ್ಧಿ ಮಸುಕಾದ ಮೇಲೂ ನಡೆಯುವ ಅಧಿಕಾರಪತ್ರಗಳಿವೆ. ನಮ್ಮಲ್ಲಿ ಇಲ್ಲ. ಅಂದರೆ ಆ ಕಾಗದ ಯಾವಾಗ ಬೇಕು ಅಂತ ಮಾಡಿಸಿದ್ದರೋ, ಅದೇ ಹೊತ್ತಿಗೆ ಅದು ಸತ್ತುಹೋಗಿತ್ತು. ಜಿ.ಪಿ.ಎ. ಬರೆದ ದಿನ ನಾನು ಈ ಮಾತು ಅವರಿಗೆ ಹೇಳಿರಲಿಲ್ಲ. ಹೇಳಬೇಕಿತ್ತು. ಆಗಲೇ ಪೆನ್ಷನ್ ಖಾತೆಯನ್ನು ಹೆಂಡತಿಯ ಜೊತೆ ಜಂಟಿ ಮಾಡಿಸಿದ್ದರೆ ಅರ್ಧ ಪಾಡು ತಪ್ಪುತ್ತಿತ್ತು. ಮನಸ್ಸು ಸರಿಯಿದ್ದಾಗ ಐದು ನಿಮಿಷದಲ್ಲಿ ಆಗುವ ಕೆಲಸ ಆಮೇಲೆ ಯಾರಿಂದಲೂ ಆಗುವುದಿಲ್ಲ.

ಎರಡನೇ ಏಟು ಕೋರ್ಟಿನಿಂದ ಬಂತು. ಮೇಷ್ಟ್ರ ಹೆಸರಿಗೆ ಸಮನ್ಸ್. ಅಣ್ಣನ ಮಗ ದಾವೆ ಹಾಕಿದ್ದ. ತೋಟವನ್ನು 12 ಲಕ್ಷಕ್ಕೆ ಕೊಡುತ್ತೇನೆ ಅಂತ ಚಿಕ್ಕಪ್ಪ ಕ್ರಯದ ಕರಾರು ಮಾಡಿಕೊಟ್ಟಿದ್ದಾರೆ, 3 ಲಕ್ಷ ಮುಂಗಡ ತೆಗೆದುಕೊಂಡಿದ್ದಾರೆ, ಈಗ ಮನೆಯವರು ರಿಜಿಸ್ಟರ್ ಮಾಡಿಕೊಡಲು ಬಿಡುತ್ತಿಲ್ಲ ಅಂತ. ಮನೆಯಲ್ಲಿ ಯಾರಿಗೂ ಈ ಕರಾರಿನ ಸುಳಿವೇ ಇರಲಿಲ್ಲ. ತೋಟದ ಬೆಲೆ ಅದರ ಮೂರು ಪಟ್ಟು ಇತ್ತು. ನಾನು ಮೊದಲು ನೋಡಿದ್ದು ಕರಾರಿನ ತಾರೀಖು. ಎರಡನೇ ಸ್ಟ್ರೋಕ್ ಆಗಿ ಆಸ್ಪತ್ರೆಯಿಂದ ಬಂದ 19ನೇ ದಿನ! ಕೊನೆಯಲ್ಲಿ ಅದೇ ಸಾಲು, 'ಸ್ವಸ್ಥ ಮನಸ್ಸಿನಿಂದ'. ಕೆಳಗೆ ಮೇಷ್ಟ್ರ ಸಹಿ, ಮೊದಲಿನಷ್ಟೇ ಚಂದವಾಗಿ.

ಕಾನೂನು ಏನು ಕೇಳುತ್ತದೆ

ಕರಾರು ಮಾಡಲು ಯಾರು ಅರ್ಹರು ಅಂತ ಅದೇ ಕಾಯ್ದೆಯ 11ನೇ ಕಲಂ ಹೇಳುತ್ತದೆ. 18 ತುಂಬಿರಬೇಕು, ಮನಸ್ಸು ಸ್ವಸ್ಥವಾಗಿರಬೇಕು, ಬೇರೆ ಯಾವ ಕಾನೂನೂ ತಡೆದಿರಬಾರದು. ವಯಸ್ಸಿನ ವಿಷಯ ಸುಲಭ, ಜನನ ಪ್ರಮಾಣಪತ್ರ ತೋರಿಸಿದರೆ ಮುಗಿಯಿತು. ಮನಸ್ಸಿಗೆ ಅಂಥ ಪ್ರಮಾಣಪತ್ರ ಇಲ್ಲ. ಅದಕ್ಕೇ 12ನೇ ಕಲಂ ಒಂದು ಅಳತೆ ಕೊಡುತ್ತದೆ. ಕರಾರು ಮಾಡುವ ಹೊತ್ತಿನಲ್ಲಿ ಆ ಕರಾರು ಏನು ಅಂತ ಅವರಿಗೆ ಅರ್ಥವಾಗಬೇಕು. ಜೊತೆಗೆ, ಅದರಿಂದ ತನಗೆ ಲಾಭವೋ ನಷ್ಟವೋ ಅಂತ ತೂಗಿ ನೋಡಲು ಆಗಬೇಕು.

ಇಲ್ಲಿ ನಾನು ಎರಡು ಮಾತಿಗೆ ಒತ್ತು ಕೊಡುತ್ತೇನೆ. ಒಂದು 'ಆ ಹೊತ್ತಿನಲ್ಲಿ'. ಸಾಮಾನ್ಯವಾಗಿ ಮನಸ್ಸು ಕೆಟ್ಟಿರುವವರು ನಡುವೆ ಸರಿಯಾದಾಗ ಮಾಡಿದ ಕರಾರು ನಿಲ್ಲುತ್ತದೆ. ಸಾಮಾನ್ಯವಾಗಿ ಸರಿಯಿರುವವರು ಜ್ವರದ ಕನವರಿಕೆಯಲ್ಲೋ, ಕುಡಿದು ಮೈಮೇಲೆ ಎಚ್ಚರವಿಲ್ಲದೆಯೋ ಮಾಡಿದ್ದು ನಿಲ್ಲುವುದಿಲ್ಲ. ಇನ್ನೊಂದು 'ಆ ಕರಾರು'. ಇದನ್ನು ಹೆಚ್ಚಿನವರು ಬಿಟ್ಟೇಬಿಡುತ್ತಾರೆ. ಮನುಷ್ಯ ಸರಿಯಿದ್ದಾನಾ ಇಲ್ಲವಾ ಎಂಬುದು ಪ್ರಶ್ನೆಯೇ ಅಲ್ಲ. ಈ ಒಂದು ಕೆಲಸವನ್ನು, ಈ ದಿನ, ತಿಳಿದು ಮಾಡಬಲ್ಲನಾ ಎಂಬುದು ಪ್ರಶ್ನೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯೂ ಇದನ್ನೇ ಬೇರೆ ರೀತಿಯಲ್ಲಿ ಹೇಳಿದೆ. ಮಾನಸಿಕ ಕಾಯಿಲೆ ಇದೆ ಅಂದ ಮಾತ್ರಕ್ಕೆ, ಕೋರ್ಟು ಹಾಗೆ ಹೇಳದೆ ಇದ್ದರೆ, ಯಾರನ್ನೂ ಅಸ್ವಸ್ಥ ಮನಸ್ಸಿನವರು ಅಂದುಕೊಳ್ಳುವ ಹಾಗಿಲ್ಲ.

ನಾವು ಹಿಡಿದ ದಾರಿಗಳು

ಬ್ಯಾಂಕಿನ ವಿಷಯಕ್ಕೆ ಮೊದಲು ಸುಲಭದ ದಾರಿ ನೋಡಿದೆವು. ವಯಸ್ಸಾದವರು, ಕಾಯಿಲೆಯವರು ಸಹಿ ಹಾಕಲಾಗದಿದ್ದರೆ ಹೆಬ್ಬೆಟ್ಟು ಅಥವಾ ಗುರುತು ಪಡೆದು, ಇಬ್ಬರು ಸಾಕ್ಷಿಗಳ ಎದುರು ಹಣ ಕೊಡಬಹುದು ಅಂತ ರಿಸರ್ವ್ ಬ್ಯಾಂಕಿನ ಸೂಚನೆ ಇದೆ. ಒಂದು ಒಳ್ಳೆ ಬೆಳಗ್ಗೆ ನೋಡಿ ಕರೆದುಕೊಂಡು ಹೋದೆವು. ಮೇಷ್ಟ್ರು ಚೆನ್ನಾಗಿ ಮಾತಾಡಿದರು, ಎಷ್ಟು ಬೇಕು ಯಾತಕ್ಕೆ ಬೇಕು ಅಂತ ಹೇಳಿದರು, ಹಣ ಸಿಕ್ಕಿತು. ಮುಂದಿನ ತಿಂಗಳು ಹೋದಾಗ ಬ್ಯಾಂಕನ್ನೇ ಗುರುತಿಸಲಿಲ್ಲ. ಮ್ಯಾನೇಜರ್ ಕೈ ಮುಗಿದು ವಾಪಸ್ ಕಳಿಸಿದರು. ಅವರದ್ದು ತಪ್ಪಿಲ್ಲ. ಆ ಸೂಚನೆ ಇರುವುದು ಕೈ ಸೋತವರಿಗೆ, ಮನಸ್ಸು ಸೋತವರಿಗಲ್ಲ.

ಆಮೇಲೆ ಯಾರೋ ಡಿ.ಸಿ. ಆಫೀಸಿಗೆ ಹೋಗಿ ಅಂದರು. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಲ್ಲಿ ಜಿಲ್ಲೆಗೊಂದು ಸ್ಥಳೀಯ ಸಮಿತಿ ಗಾರ್ಡಿಯನ್ ನೇಮಿಸುತ್ತದೆ, ನಿಜ. ಆದರೆ ಅದು ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯ ಮತ್ತು ಬಹುವಿಧ ಅಂಗವೈಕಲ್ಯ ಇರುವವರಿಗೆ ಮಾತ್ರ. ಡಿಮೆನ್ಷಿಯಾ ಅದರಲ್ಲಿ ಬರುವುದಿಲ್ಲ. ಅರ್ಜಿ ವಾಪಸ್ ಬಂತು. ಆರು ವಾರ ಹೋಯಿತು. ಜಿಲ್ಲಾ ಕೋರ್ಟಿನಲ್ಲೂ ಕೇಳಿದೆವು. 1987ರ ಹಳೇ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ಕಾಯಿಲೆಯವರ ಆಸ್ತಿ ನೋಡಿಕೊಳ್ಳಲು ಜಿಲ್ಲಾ ಕೋರ್ಟು ಜನ ನೇಮಿಸುವ ಅಧ್ಯಾಯ ಇತ್ತು. 2018ರ ಮೇ ತಿಂಗಳಲ್ಲಿ ಹೊಸ ಕಾಯ್ದೆ ಜಾರಿಗೆ ಬಂದಾಗ ಹಳೇದು ಹೋಯಿತು, ಆ ಅಧ್ಯಾಯ ಹೊಸದರಲ್ಲಿ ಬರಲಿಲ್ಲ. ಚಿಕಿತ್ಸೆಯ ವಿಷಯದಲ್ಲಿ ಹೊಸ ಕಾಯ್ದೆ ಎಷ್ಟೋ ಮೇಲು. ಆಸ್ತಿಯ ವಿಷಯದಲ್ಲಿ ಮಾತ್ರ ಡಿಮೆನ್ಷಿಯಾದವರ ಮನೆಯವರು ನಡುನೀರಿನಲ್ಲಿ ನಿಂತಿದ್ದಾರೆ.

ಉಳಿದದ್ದು ಹೈಕೋರ್ಟು. ಸಂವಿಧಾನದ 226ನೇ ವಿಧಿಯ ಅಡಿ ರಿಟ್ ಅರ್ಜಿ. ತನ್ನನ್ನು ತಾನು ನೋಡಿಕೊಳ್ಳಲಾಗದವರಿಗೆ ಕೋರ್ಟೇ ತಂದೆ ತಾಯಿಯ ಸ್ಥಾನದಲ್ಲಿ ನಿಲ್ಲಬಹುದು ಎಂಬ ತತ್ವದ ಮೇಲೆ ಹಲವು ಹೈಕೋರ್ಟುಗಳು ಗಾರ್ಡಿಯನ್ ನೇಮಿಸಿವೆ. ಕೋಮಾದಲ್ಲಿರುವವರ ವಿಷಯದಲ್ಲಿ 2019ರಲ್ಲಿ ಕೇರಳ ಹೈಕೋರ್ಟು ಹಾಕಿಕೊಟ್ಟ ಕ್ರಮವನ್ನು ನಾವು ಮಾದರಿಯಾಗಿ ಇಟ್ಟುಕೊಂಡೆವು. ವೈದ್ಯರ ಮಂಡಳಿಯ ತಪಾಸಣೆ, ಕಂದಾಯ ಅಧಿಕಾರಿಯಿಂದ ಮನೆ ಪರಿಸ್ಥಿತಿಯ ವರದಿ, ಎಲ್ಲ ವಾರಸುದಾರರ ಒಪ್ಪಿಗೆ, ನೇಮಕವಾದ ಮೇಲೆ ಆರು ತಿಂಗಳಿಗೊಮ್ಮೆ ಲೆಕ್ಕ.

ಈ ಅರ್ಜಿಗೆ ಸಹಿ ಮಾಡಿಸುವ ದಿನ ಮೇಷ್ಟ್ರ ಹೆಂಡತಿ ಅತ್ತುಬಿಟ್ಟರು. "ನಲವತ್ತು ವರ್ಷ ಊರಿಗೆ ಬುದ್ಧಿ ಹೇಳಿದವರು. ಅವರಿಗೆ ಹುಚ್ಚು ಅಂತ ನೀನೇ ಬರೆಸ್ತೀಯೇನಪ್ಪ?"

ನನಗೆ ಉತ್ತರ ಹೊಳೆಯಲಿಲ್ಲ. ನಿಜ ಹೇಳಬೇಕೆಂದರೆ ನನ್ನ ಕರಡಿನಲ್ಲಿ ಹೆಚ್ಚುಕಡಿಮೆ ಹಾಗೇ ಇತ್ತು. 'ಯಾವ ವಿಷಯದಲ್ಲೂ ತೀರ್ಮಾನ ತೆಗೆದುಕೊಳ್ಳಲು ಅಸಮರ್ಥರು' ಅಂತ ಬರೆದಿದ್ದೆ. ಹಾಗೆ ಬರೆದರೆ ಕೆಲಸ ಬೇಗ ಆಗುತ್ತದೆ ಎಂಬುದು ನನ್ನ ಲೆಕ್ಕ. ಅವತ್ತು ರಾತ್ರಿ ಕರಡನ್ನು ಮತ್ತೆ ಓದಿದೆ. ಅದು ಸುಳ್ಳು ಅಂತ ನನಗೇ ಗೊತ್ತಿತ್ತು.

ಯಾಕೆಂದರೆ ಹಿಂದಿನ ವಾರವೇ ಒಂದು ಘಟನೆ ನಡೆದಿತ್ತು. ಅಪ್ಪನನ್ನು ಬೆಂಗಳೂರಿನ ಆರೈಕೆ ಕೇಂದ್ರಕ್ಕೆ ಸೇರಿಸೋಣ ಅಂತ ಮಗ ಹಠ ಹಿಡಿದಿದ್ದ. ಆಸ್ಪತ್ರೆಯ ಮನೋವೈದ್ಯೆ ಅವರನ್ನೇ ಕೇಳೋಣ ಅಂದರು. ಸುಮ್ನೆ ಒಂದು ಸಲ ಕೇಳಿ ಬಿಡಲಿಲ್ಲ. ಬೇರೆ ಬೇರೆ ಮೂರು ದಿನ ಬೆಳಗ್ಗೆ, ಸಣ್ಣ ಸಣ್ಣ ಮಾತಿನಲ್ಲಿ, ಅಲ್ಲಿ ಏನಿರುತ್ತದೆ ಇಲ್ಲಿ ಏನಿರುತ್ತದೆ ಅಂತ ಹೇಳಿ ಕೇಳಿದರು. ಮೂರೂ ದಿನ ಒಂದೇ ಉತ್ತರ. "ಇಲ್ಲೇ ಇರ್ತೀನಿ. ಇವಳು ಅಲ್ಲಿ ಯಾರ ಜೊತೆ ಮಾತಾಡ್ತಾಳೆ?" ಅದು ತೀರ್ಮಾನ ಅಲ್ವಾ? ಹೆಂಡತಿಯ ಹೆಸರು ಕೆಲವು ಸಂಜೆ ಮರೆಯುವ ಮನುಷ್ಯ, ಹೆಂಡತಿಗೆ ಯಾವುದು ಕಷ್ಟ ಅಂತ ಬಲ್ಲವರಾಗಿದ್ದರು.

ಅರ್ಜಿಯನ್ನು ಹೊಸದಾಗಿ ಬರೆದೆ. ಯಾವುದು ಆಗುವುದಿಲ್ಲ ಅಂತ ಹೆಸರಿಸಿ ಬರೆದೆ: ಬ್ಯಾಂಕಿನ ವ್ಯವಹಾರ, ಆಸ್ತಿ ವ್ಯವಹಾರ, ಸರ್ಕಾರಿ ಅರ್ಜಿಗಳು. ಎಲ್ಲಿ ಇರಬೇಕು, ಯಾವ ಚಿಕಿತ್ಸೆ ಬೇಕು ಎಂಬುದನ್ನು ಅವರನ್ನು ಕೇಳಿಯೇ ಮಾಡಬೇಕು ಅಂತ ಸೇರಿಸಿದೆ. ಇದು ನನ್ನ ಕಲ್ಪನೆಯೇನಲ್ಲ. 2007ರಲ್ಲಿ ಭಾರತ ಒಪ್ಪಿಕೊಂಡ ವಿಶ್ವಸಂಸ್ಥೆಯ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯ ಆಶಯ ಇದೇ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 14ನೇ ಕಲಂ ಕೂಡ 'ಸೀಮಿತ' ಗಾರ್ಡಿಯನ್ ಬಗ್ಗೆ ಮಾತಾಡುತ್ತದೆ, ಇಂಥ ತೀರ್ಮಾನಕ್ಕೆ, ಇಷ್ಟು ಕಾಲಕ್ಕೆ ಅಂತ. ಹೊಸ ಕರಡನ್ನು ಅಮ್ಮನಿಗೆ ಓದಿ ಹೇಳಿದೆ. ಅವರು ಒಪ್ಪಿದರು. ಮಗನೂ ರಾಯಭಾರ ಕಚೇರಿಯಲ್ಲಿ ದೃಢೀಕರಿಸಿದ ಅಫಿಡವಿಟ್ ಕಳಿಸಿದ.

ಕೋರ್ಟಿನಲ್ಲಿ ಒಂದು ಬೆಳಗ್ಗೆ

ಈ ಕಡೆ ತಾಲ್ಲೂಕಿನ ದಾವೆಯಲ್ಲಿ ಇನ್ನೊಂದು ತೊಡಕು. ತನ್ನ ಹಿತ ಕಾಯ್ದುಕೊಳ್ಳಲಾಗದವರ ಮೇಲೆ ದಾವೆ ಸುಮ್ಮನೆ ನಡೆಯುವ ಹಾಗಿಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ 32ನೇ ಆದೇಶದ 15ನೇ ನಿಯಮದಂತೆ ನ್ಯಾಯಾಧೀಶರು ವಿಚಾರಣೆ ಮಾಡಿ ಗಾರ್ಡಿಯನ್ ನೇಮಿಸಬೇಕು. ಆ ನಿಯಮ 'ಮನಸ್ಸಿನ ದುರ್ಬಲತೆ' ಅಂದರೂ ಸಾಕು ಅನ್ನುತ್ತದೆ, ಹುಚ್ಚು ಅಂತ ಯಾರೂ ತೀರ್ಪು ಕೊಡಬೇಕಿಲ್ಲ. ಆಸ್ಪತ್ರೆಯ ಕಾಗದಗಳನ್ನು ಇಟ್ಟು ಅರ್ಜಿ ಹಾಕಿದೆ. ನ್ಯಾಯಾಧೀಶರು ಮೇಷ್ಟ್ರನ್ನು ತಮ್ಮ ಕೊಠಡಿಗೆ ಕರೆಸಿ ಕೂರಿಸಿದರು. ಮಗಳು, ಅಣ್ಣನ ಮಗ, ಎರಡೂ ಕಡೆ ವಕೀಲರು, ಇಷ್ಟೇ ಜನ.

"ಇವತ್ತು ಯಾವ ವಾರ ಮೇಷ್ಟ್ರೇ?"

"ಭಾನುವಾರ. ಅದಕ್ಕೇ ಸ್ಕೂಲಿಲ್ಲ." ಅವತ್ತು ಗುರುವಾರ.

"ಹದಿನೇಳರ ಮಗ್ಗಿ ಬರುತ್ತಾ?"

ಮೇಷ್ಟ್ರು ನೆಟ್ಟಗೆ ಕೂತರು. ಒಂದೇ ಉಸಿರಿಗೆ ನೂರ ಎಪ್ಪತ್ತರವರೆಗೆ ಹೇಳಿದರು. ಎದುರು ಪಕ್ಷದ ವಕೀಲರ ಮುಖ ಅರಳಿತು. ನನ್ನ ಎದೆ ಕುಸಿಯಿತು.

"ತೋಟ ಯಾರದ್ದು?"

"ನಂದೇ. ಪಿ.ಎಫ್. ದುಡ್ಡಲ್ಲಿ ತಗೊಂಡಿದ್ದು."

"ಮಾರೋದು ಅಂದ್ರೆ ಏನು?"

"ದುಡ್ಡು ತಗೊಂಡು ಬಿಟ್ಟುಕೊಡೋದು. ಆಮೇಲೆ ನಮ್ಮದಲ್ಲ."

ಇನ್ನೇನು ಬೇಕು? ಇಷ್ಟು ಅರ್ಥವಾಗುವವರು ಕರಾರು ಮಾಡಬಹುದು ಅಂತ ಯಾರಿಗಾದರೂ ಅನ್ನಿಸುತ್ತದೆ. ನ್ಯಾಯಾಧೀಶರು ಅಲ್ಲಿಗೆ ನಿಲ್ಲಿಸಲಿಲ್ಲ.

"ಈಗ ಅಡಿಕೆ ರೇಟು ಎಷ್ಟಿದೆ?"

"ಕ್ವಿಂಟಾಲಿಗೆ ಎರಡು ಸಾವಿರ. ಈ ಸಲ ಸ್ವಲ್ಪ ಏರಿದೆ."

"ಹಾಗಾದ್ರೆ ನಿಮ್ಮ ತೋಟ ಎಷ್ಟಕ್ಕೆ ಹೋಗಬಹುದು?"

"ಎಂಬತ್ತು ಸಾವಿರ. ಗಟ್ಟಿ ಗಿರಾಕಿ ಆದ್ರೆ ತೊಂಬತ್ತು."

ಮಾರುಕಟ್ಟೆಯಲ್ಲಿ 'ರಾಶಿ' ಎಂಬ ಬಗೆಯ ಅಡಿಕೆ ಕ್ವಿಂಟಾಲಿಗೆ ಐವತ್ತು ಸಾವಿರದ ಆಸುಪಾಸಿನಲ್ಲಿತ್ತು. ಮೇಷ್ಟ್ರು ಬದುಕುತ್ತಿದ್ದದ್ದು ಹಲವು ದಶಕಗಳ ಹಿಂದಿನ ಬೆಲೆಯಲ್ಲಿ. ಅವರ ಲೆಕ್ಕದಲ್ಲಿ 12 ಲಕ್ಷ ಅನ್ನುವುದು ಕನಸಿನ ದುಡ್ಡು. 12ನೇ ಕಲಂನ ಮೊದಲ ಭಾಗ ಅವರಲ್ಲಿ ಇನ್ನೂ ಉಳಿದಿತ್ತು, ಎರಡನೆಯದು ಹೋಗಿತ್ತು. ಮಾರುವುದು ಅಂದರೆ ಏನು ಅಂತ ಗೊತ್ತು. ಮಾರಿದರೆ ತನಗೆ ಏನಾಗುತ್ತದೆ ಅಂತ ತೂಗಲು ತಕ್ಕಡಿ ಇಲ್ಲ.

ಕೊನೆಗೆ ಕರಾರಿನ ಸಹಿ ತೋರಿಸಿದರು. "ಇದು ನನ್ನದೇ," ಅಂದರು. ಅಣ್ಣನ ಮಗನ ಕಡೆ ತಿರುಗಿ, "ಇವನು ಒಳ್ಳೆ ಹುಡುಗ. ಏನೋ ಅರ್ಜಿಗೆ ಸಹಿ ಬೇಕು ಅಂದಿದ್ದ. ಹಾಕಿಕೊಟ್ಟೆ," ಅಂದರು.

ಆ ಹುಡುಗ ತಲೆ ಎತ್ತಲಿಲ್ಲ.

ಮುಂಗಡದ ದುಡ್ಡು

ಅಣ್ಣನ ಮಗನನ್ನು ಮೋಸಗಾರ ಅಂತ ಬರೆದುಬಿಡುವುದು ಸುಲಭ, ಆದರೆ ನ್ಯಾಯವಲ್ಲ. ಹನ್ನೊಂದು ವರ್ಷ ಆ ತೋಟಕ್ಕೆ ದುಡಿದವನು ಅವನು. ಮೇಷ್ಟ್ರು ಚೆನ್ನಾಗಿದ್ದಾಗ "ಕೊನೆಗೆ ನಿನಗೇ ಕೊಡ್ತೀನಿ ಕಣೋ" ಅಂತ ಹೇಳಿದ್ದು ಅಮ್ಮನಿಗೂ ನೆನಪಿತ್ತು. ಚಿಕ್ಕಪ್ಪ ಹೋಗಿಬಿಟ್ಟರೆ ಬೆಂಗಳೂರಿನವರು, ವಿದೇಶದವರು ಬೇರೆಯವರಿಗೆ ಮಾರುತ್ತಾರೆ ಎಂಬ ಭಯ ಅವನಿಗೆ. ಆ ಭಯದಲ್ಲಿ ಮಾಡಬಾರದ ಹೊತ್ತಿನಲ್ಲಿ ಕರಾರು ಮಾಡಿಸಿದ್ದ.

3 ಲಕ್ಷ ಕೊಟ್ಟಿದ್ದು ನಿಜವಾ? ರಸೀದಿ ಬಿಟ್ಟರೆ ಬೇರೆ ಸಾಕ್ಷಿ ಇರಲಿಲ್ಲ. ಒಂದು ದಿನ ಅಮ್ಮ ಬೀರು ಸ್ವಚ್ಛ ಮಾಡುವಾಗ ಹಳೇ ಟೀಚರ್ ಡೈರಿಗಳ ನಡುವೆ ಒಂದು ಕವರು ಸಿಕ್ಕಿತು. 2,80,000 ರೂಪಾಯಿ. ಉಳಿದ 20 ಸಾವಿರ ಎಲ್ಲಿ ಹೋಯಿತೋ ಗೊತ್ತಾಗಲೇ ಇಲ್ಲ.

ಮಗ ಫೋನಿನಲ್ಲಿ, ನಾವಾಗಿ ಯಾಕೆ ಹೇಳಬೇಕು, ಅವನೇ ಸಾಬೀತು ಮಾಡಲಿ ಅಂದ. ಕಾನೂನಿನಲ್ಲಿ ಅವನ ವಾದಕ್ಕೂ ಎಳೆ ಇತ್ತು. 1903ರ ಮೊಹೊರಿ ಬೀಬಿ ಪ್ರಕರಣದಲ್ಲಿ, ಬ್ರಿಟಿಷರ ಕಾಲದಲ್ಲಿ ನಮ್ಮ ಮೇಲ್ಮನವಿಗಳಿಗೆ ಕೊನೆಯ ಕೋರ್ಟಾಗಿದ್ದ ಲಂಡನ್ನಿನ ಪ್ರಿವಿ ಕೌನ್ಸಿಲ್, ಅಪ್ರಾಪ್ತ ವಯಸ್ಕ ಮಾಡಿದ ಕರಾರು ಹುಟ್ಟಿನಿಂದಲೇ ಸತ್ತದ್ದು ಅಂದಿತು. ಸಾಲ ಕೊಟ್ಟವರಿಗೆ ಕೊಟ್ಟ ಹಣವನ್ನೂ ವಾಪಸ್ ಕೊಡಿಸಲಿಲ್ಲ. ಮನಸ್ಸು ಸ್ವಸ್ಥವಿಲ್ಲದವರ ಕರಾರಿಗೂ ಕೋರ್ಟುಗಳು ಅದೇ ತತ್ವ ಹಚ್ಚುತ್ತವೆ. ಆದರೆ 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 33ನೇ ಕಲಂ ಪ್ರಕಾರ, ಅಂಥವರಿಗೆ ನಿಜವಾಗಿ ಲಾಭ ಆಗಿದ್ದಷ್ಟನ್ನು ಕೋರ್ಟು ವಾಪಸ್ ಕೊಡಿಸಬಹುದು. ಎರಡನ್ನೂ ಮಗಳಿಗೆ ವಿವರಿಸಿ, ನನ್ನ ಸಲಹೆ ಹಣದ ವಿಷಯ ಹೇಳಿಬಿಡುವುದು ಅಂದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು ಒಂದೇ ಮಾತು ಕೇಳಿದಳು. "ಅಪ್ಪ ಸರಿಯಾಗಿದ್ದಿದ್ರೆ ಏನು ಮಾಡ್ತಿದ್ರು ಅಣ್ಣ?"

ಆ ಪ್ರಶ್ನೆಯೇ ಮುಂದೆ ನಮಗೆ ದಾರಿಯಾಯಿತು. ಇನ್ನೊಬ್ಬರ ಪರವಾಗಿ ತೀರ್ಮಾನ ಮಾಡುವಾಗ ನಮಗೆ ಯಾವುದು ಒಳ್ಳೆಯದು ಅಂತ ಕಾಣುತ್ತದೆ ಎಂಬುದು ಆಮೇಲಿನ ಮಾತು. ಅವರೇ ಆಗಿದ್ದರೆ ಯಾವುದನ್ನು ಆರಿಸುತ್ತಿದ್ದರು ಅಂತ ಮೊದಲು ಹುಡುಕಬೇಕು. ಇದೇ ಕಾರಣಕ್ಕೆ ನಾನು ಒಂದು ಕೆಲಸಕ್ಕೆ ಒಪ್ಪಲಿಲ್ಲ. ಒಂದು ಒಳ್ಳೆ ದಿನ ನೋಡಿ ವಿಲ್ ಬರೆಸಿಬಿಡೋಣ ಅಂತ ಮಗ ಕೇಳಿದ್ದ. ಹಲವು ದಶಕಗಳ ಹಿಂದಿನ ಬೆಲೆಯಲ್ಲಿ ಬದುಕುವವರ ಕೈಲಿ ಆಸ್ತಿ ಹಂಚಿಸುವುದು, ಕೆಳಗೆ ಮತ್ತೆ 'ಸ್ವಸ್ಥ ಮನಸ್ಸಿನಿಂದ' ಅಂತ ಬರೆಯುವುದು, ನನ್ನಿಂದ ಆಗಲಿಲ್ಲ.

ಏನಾಯಿತು

ಮಗಳು ದಾವೆಯಲ್ಲಿ ಗಾರ್ಡಿಯನ್ ಆಗಿ, ಸಿಕ್ಕ ಹಣದ ವಿಷಯವನ್ನು ಲಿಖಿತ ಹೇಳಿಕೆಯಲ್ಲೇ ಒಪ್ಪಿಕೊಂಡಳು. ಅದಾದ ಎರಡು ವಾರಕ್ಕೆ ಅಣ್ಣನ ಮಗ ಮನೆಗೆ ಬಂದ. ರಾಜಿಯ ಮಾತು ಅಲ್ಲಿಂದ ಶುರುವಾಯಿತು. ಪೂರ್ತಿ 3 ಲಕ್ಷ ವಾಪಸ್, ಕರಾರು ರದ್ದು, ತೋಟದ ಉಸ್ತುವಾರಿ ಅವನದ್ದೇ, ಅದಕ್ಕೆ ತಿಂಗಳ ಸಂಬಳ. ಗೇಣಿ ಎಂಬ ಪದ ಬಾರದ ಹಾಗೆ ನೋಡಿಕೊಂಡೆ, ನಮ್ಮ ಭೂಸುಧಾರಣಾ ಕಾಯ್ದೆ ಅದನ್ನು ಬಿಡುವುದಿಲ್ಲ. ಗಾರ್ಡಿಯನ್ ರಾಜಿ ಮಾಡಿಕೊಳ್ಳಬೇಕಾದರೆ 32ನೇ ಆದೇಶದ 7ನೇ ನಿಯಮದಂತೆ ಕೋರ್ಟಿನ ಅನುಮತಿ ಬೇಕು. ಈ ಹೆಜ್ಜೆಯನ್ನು ಎಷ್ಟೋ ಜನ ಮರೆಯುತ್ತಾರೆ, ಆಮೇಲೆ ರಾಜಿಯೇ ಬಿದ್ದುಹೋಗುತ್ತದೆ. ನಾವು ಅನುಮತಿ ಪಡೆದೇ ಮುಗಿಸಿದೆವು.

ಆದರೆ ಆ ಗಾರ್ಡಿಯನ್ ಪದವಿ ಆ ದಾವೆಗೆ ಮಾತ್ರ. ಅದನ್ನು ತೋರಿಸಿದರೆ ಬ್ಯಾಂಕಿನವರು ಹಣ ಕೊಡುವುದಿಲ್ಲ. ಹೈಕೋರ್ಟಿನ ಆದೇಶ ಬರಲು ಎಂಟು ತಿಂಗಳು ಹಿಡಿಯಿತು. ಅಲ್ಲಿಯವರೆಗೆ ಮನೆ ನಡೆದದ್ದು ಮಗಳ ಸಂಬಳದಲ್ಲಿ. ಆದೇಶದಲ್ಲಿ ಪೆನ್ಷನ್ ಖಾತೆ ನಡೆಸಲು ಮಗಳಿಗೆ ಅಧಿಕಾರ ಸಿಕ್ಕಿತು. ತೋಟ ಮಾರಬೇಕಾದರೆ ಮತ್ತೆ ಕೋರ್ಟಿಗೆ ಬರಬೇಕು. ಆರು ತಿಂಗಳಿಗೊಮ್ಮೆ ಲೆಕ್ಕ ಕೊಡಬೇಕು.

ಈಗ ಯಾರಾದರೂ ಜಿ.ಪಿ.ಎ. ಬರೆಸಲು ಬಂದರೆ, 201ನೇ ಕಲಂ ಏನು ಹೇಳುತ್ತದೆ ಅಂತ ಮೊದಲು ಹೇಳುತ್ತೇನೆ. ವಯಸ್ಸಾದವರು ಸಹಿ ಮಾಡುವ ಮುಂಚೆ ಮನೆಯವರನ್ನು ಹೊರಗೆ ಕೂರಿಸಿ ಅವರೊಬ್ಬರ ಜೊತೆ ಮಾತಾಡುತ್ತೇನೆ. ದಿನ, ವಾರ ಕೇಳುವುದಿಲ್ಲ. ಈ ಆಸ್ತಿಗೆ ಈಗ ಎಷ್ಟು ಬೆಲೆ, ಇದು ಹೋದರೆ ನಾಳೆ ನಿಮ್ಮ ಖರ್ಚಿಗೆ ಏನು ಮಾಡುತ್ತೀರಿ ಅಂತ ಕೇಳುತ್ತೇನೆ.

ಮೊದಲ ಆರು ತಿಂಗಳ ಲೆಕ್ಕ ತರಲು ಕಳೆದ ತಿಂಗಳು ಮೇಷ್ಟ್ರ ಮನೆಗೆ ಹೋಗಿದ್ದೆ. ಅಮ್ಮ ಒಂದು ನೋಟ್‌ಬುಕ್ಕಿನಲ್ಲಿ ಔಷಧಿ, ಹಾಲು, ಆಳಿನ ಸಂಬಳ ಎಲ್ಲಾ ಬರೆದಿಟ್ಟಿದ್ದರು. ಮೇಷ್ಟ್ರು ಪುಸ್ತಕ ತಮ್ಮ ಕಡೆ ಎಳೆದುಕೊಂಡರು. ಪ್ರತಿ ಪುಟದ ಮೊತ್ತವನ್ನು ಬಾಯಲ್ಲೇ ಕೂಡಿ ನೋಡಿದರು. ಒಂದು ಕಡೆ ನಲವತ್ತು ರೂಪಾಯಿ ತಪ್ಪಿತ್ತು, ಹೊಡೆದುಹಾಕಿ ಸರಿ ಮಾಡಿದರು. ಆಮೇಲೆ ಕೆಂಪು ಪೆನ್ನು ಕೇಳಿದರು. ಪ್ರತಿ ಪುಟದ ಕೆಳಗೂ ಒಂದೊಂದು ರೈಟ್ ಮಾರ್ಕು ಹಾಕಿ ನನ್ನ ಕೈಗೆ ಕೊಟ್ಟು, "ಮುಂದಿನ ಸಲ ನೀಟಾಗಿ ಬರಿಯೋಕೆ ಹೇಳು," ಅಂದರು.